ಹಳೆಯ ಕಾರಿನ ಹೆಡ್‌ಲೈಟಿಗೆ ಮೊದಲಿನ ಬೆಳಕನ್ನು ಮರಳಿ ತರುವುದು

ಹತ್ತು ಹದಿನೈದು ವರ್ಷ ಓಡಿದ ಕಾರಿನ ಹೆಡ್‌ಲೈಟ್ ಮಂಕಾಗಿದೆ ಎನಿಸಿದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಬಿಡಿಭಾಗಗಳ ಅಂಗಡಿಗೆ ಹೋಗಿ ಇನ್ನಷ್ಟು ಪ್ರಖರವಾದ ಬಲ್ಬ್ ಕೇಳುವುದು. ಅಂಗಡಿಯವರು ಕೊಟ್ಟ 100/90 ವ್ಯಾಟ್ (ಮೊದಲ ಅಂಕೆ ಹೈ ಬೀಮಿನದ್ದು, ಎರಡನೆಯದು ಲೋ ಬೀಮಿನದ್ದು) ಬಲ್ಬನ್ನೋ, ನೀಲಿ ಬಣ್ಣದ್ದನ್ನೋ, ಎಲ್‌ಇಡಿಯನ್ನೋ ಹಾಕಿಸಿಕೊಂಡರೆ ಕೆಲವು ದಿನ ಸಮಾಧಾನವಾಗುತ್ತದೆ. ಆಮೇಲೆ ಬಲ್ಬಿನ ಹೋಲ್ಡರ್ ಕರಗಿ ವಾಸನೆ ಬರುತ್ತದೆ, ಇಲ್ಲವೇ ಎದುರಿನಿಂದ ಬರುವ ಲಾರಿಗಳೆಲ್ಲ ಲೈಟ್ ಮಿಟುಕಿಸಿ ಬೈಯುತ್ತ ಹೋಗುತ್ತವೆ. ಕಾರು ಹೊಸದಾಗಿದ್ದಾಗ ಸಾಧಾರಣ 60/55 ವ್ಯಾಟ್ ಬಲ್ಬೇ ರಸ್ತೆಯನ್ನು ಚೆನ್ನಾಗಿ ತೋರಿಸುತ್ತಿತ್ತು. ಆ ಬೆಳಕು ನಡುವೆ ಎಲ್ಲೋ ಸೋರಿಹೋಗುತ್ತಿದೆ. ತಂತಿಯಲ್ಲಿ ಒಂದಿಷ್ಟು, ಬಲ್ಬಿನಲ್ಲಿ ಒಂದಿಷ್ಟು, ಹೊರಗಿನ ಲೆನ್ಸಿನಲ್ಲಿ ಒಂದಿಷ್ಟು ನಷ್ಟವಾಗಿ, ಉಳಿದದ್ದೂ ರಸ್ತೆಯ ಮೇಲೆ ಬೀಳದೆ ಮರದ ಕೊಂಬೆಗೋ ಬಂಪರಿನ ಕೆಳಗೋ ಬೀಳುತ್ತಿರುತ್ತದೆ. ಆದ್ದರಿಂದ ಹಣ ಖರ್ಚು ಮಾಡುವ ಮೊದಲು ಸೋರಿಕೆ ಎಲ್ಲಿದೆ ಎಂಬುದನ್ನು ಅಳೆದು ನೋಡಬೇಕು.

ಈ ಬರಹದಲ್ಲಿ ನಾನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡಿರುವುದು ಆಲ್ಟೊ, ಸ್ಯಾಂಟ್ರೊ, ವ್ಯಾಗನ್ ಆರ್ ಮಾದರಿಯ ಹಳೆಯ ಕಾರುಗಳನ್ನು. ಅಂದರೆ ಹೊರಗೆ ಪ್ಲಾಸ್ಟಿಕ್ ಲೆನ್ಸ್, ಒಳಗೆ ಹೈ ಬೀಮ್ ಮತ್ತು ಲೋ ಬೀಮ್ ಎರಡೂ ಒಂದರಲ್ಲೇ ಇರುವ ಮೂರು ಪಿನ್ನಿನ ಎಚ್4 ಹ್ಯಾಲೊಜೆನ್ ಬಲ್ಬ್ ಇರುವವು. ಅಂಬಾಸಿಡರ್, ಪದ್ಮಿನಿಗಳ ದುಂಡನೆಯ ಗಾಜಿನ ಹೆಡ್‌ಲೈಟ್ ಇರುವವರು ಲೆನ್ಸ್ ಉಜ್ಜುವ ಭಾಗವನ್ನು ಬಿಟ್ಟು ಉಳಿದುದೆಲ್ಲವನ್ನೂ ಅನುಸರಿಸಬಹುದು.

ತಂತಿಯಲ್ಲಿ ಕಳೆದುಹೋಗುವ ಬೆಳಕು

ಎಲ್ಲರೂ ಕೊನೆಗೆ ನೋಡುವ, ಆದರೆ ಮೊದಲು ನೋಡಬೇಕಾದ ಜಾಗ ಇದು. ಹ್ಯಾಲೊಜೆನ್ ಬಲ್ಬಿನ ಬೆಳಕು ಅದಕ್ಕೆ ತಲುಪುವ ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ಲೆಕ್ಕ ಹಾಕಿದರೆ ವೋಲ್ಟೇಜ್ ಶೇ. 10ರಷ್ಟು ಇಳಿದಾಗ ಬೆಳಕು ಶೇ. 30ರಷ್ಟು ಇಳಿಯುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದು, ಬಲ್ಬಿನ ಪಿನ್ನಿನಲ್ಲಿ 11.8 ಮಾತ್ರ ಸಿಗುತ್ತಿದೆ ಎಂದುಕೊಳ್ಳಿ. ಆಗ ಬರಬೇಕಾದ ಬೆಳಕಿನಲ್ಲಿ ಶೇ. 40ರಷ್ಟು ಲೆನ್ಸನ್ನು ತಲುಪುವ ಮೊದಲೇ ಇಲ್ಲವಾಗಿರುತ್ತದೆ. ಇಂತಹ ಕಾರಿಗೆ ಎಷ್ಟು ಪಾಲಿಶ್ ಮಾಡಿದರೂ ಬಲ್ಬ್ ಹಳದಿಯಾಗಿಯೇ ಉರಿಯುತ್ತದೆ.

ಅಳೆಯಲು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಅದನ್ನು 20 ವೋಲ್ಟ್ ಡಿಸಿಗೆ ಇಟ್ಟು, ಎಂಜಿನ್ ಚಾಲೂ ಮಾಡಿ, ಲೋ ಬೀಮ್ ಹಾಕಿ, ಮೊದಲು ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವಿನ ವೋಲ್ಟೇಜ್ ನೋಡಬೇಕು. ಅದು 13.5ರಿಂದ 14.4ರ ಒಳಗಿರಬೇಕು. ಅಷ್ಟು ಇಲ್ಲದಿದ್ದರೆ ತೊಂದರೆ ಹೆಡ್‌ಲೈಟಿನದ್ದಲ್ಲ, ಆಲ್ಟರ್ನೇಟರಿನದ್ದೋ ಅದರ ಬೆಲ್ಟಿನದ್ದೋ ಆಗಿರುತ್ತದೆ. ಅದನ್ನು ಸರಿಪಡಿಸದೆ ಮುಂದಕ್ಕೆ ಹೋಗಬಾರದು. ಅನಂತರ ಬಲ್ಬಿನ ಹಿಂಬದಿಯ ಕಪ್ಲರಿನಲ್ಲಿ (ಬಲ್ಬಿಗೆ ತಂತಿಗಳನ್ನು ಜೋಡಿಸುವ ಪ್ಲಗ್ಗಿನಲ್ಲಿ), ಅದನ್ನು ಕಳಚದೆಯೇ, ತಂತಿ ಒಳಹೋಗುವ ಕಡೆಯಿಂದ ಮೀಟರಿನ ಸಣ್ಣ ಮೊನೆಗಳನ್ನು ತೂರಿಸಿ ಅಳೆಯಬೇಕು. ಕಪ್ಲರನ್ನು ಕಳಚಿ ಅಳೆದರೆ ಕರೆಂಟ್ ಹರಿಯದ ಕಾರಣ ಕೆಟ್ಟ ತಂತಿಯೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಎಷ್ಟೋ ಜನ ಎಲೆಕ್ಟ್ರಿಷಿಯನ್‌ಗಳು "ಇಲ್ಲಿ ಸಪ್ಲೈ ಸರಿಯಾಗಿದೆ ಸರ್" ಎಂದು ಹೇಳುವುದು ಹೀಗೆ ಅಳೆದೇ.

ಬ್ಯಾಟರಿಗೂ ಬಲ್ಬಿಗೂ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ನಷ್ಟ ಯಾವ ಕಡೆಯದ್ದು ಎಂದು ಬಿಡಿಸಿ ನೋಡಬೇಕು. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಪಾಸಿಟಿವ್‌ನಲ್ಲೂ ಇನ್ನೊಂದನ್ನು ಉರಿಯುತ್ತಿರುವ ಬಲ್ಬಿನ ಪಾಸಿಟಿವ್ ಪಿನ್ನಿನಲ್ಲೂ ಇಟ್ಟರೆ ಆ ದಾರಿಯ ನಷ್ಟ ನೇರವಾಗಿ ಅಂಕೆಯಲ್ಲಿ ಕಾಣುತ್ತದೆ. ಅದೇ ರೀತಿ ಬ್ಯಾಟರಿಯ ನೆಗೆಟಿವ್ ಮತ್ತು ಬಲ್ಬಿನ ಅರ್ಥ್ ಪಿನ್ನಿನ ನಡುವೆ ಇಟ್ಟರೆ ಅರ್ಥಿಂಗ್ ದಾರಿಯ, ಅಂದರೆ ಕರೆಂಟ್ ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿಯ, ನಷ್ಟ ತಿಳಿಯುತ್ತದೆ. ಹಳೆಯ ಕಾರುಗಳಲ್ಲಿ, ಅದರಲ್ಲೂ ಉಡುಪಿ, ಮಂಗಳೂರು, ಕಾರವಾರದ ಕಡೆ ಓಡಾಡಿದ ಕಾರುಗಳಲ್ಲಿ, ಎರಡನೆಯದೇ ಹೆಚ್ಚಾಗಿರುವ ಸಂಭವವಿದೆ. ಉಪ್ಪುಗಾಳಿಗೆ ಬಾಡಿಯ ಅರ್ಥ್ ಬೋಲ್ಟ್ ತುಕ್ಕು ಹಿಡಿದು, ತಾಮ್ರದ ಎಳೆಗಳಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ.

ಅರ್ಥಿಂಗ್ ದುರಸ್ತಿಗೆ ಖರ್ಚಿಲ್ಲ. ಬ್ಯಾಟರಿಯ ನೆಗೆಟಿವ್ ಕಳಚಿ, ಹೆಡ್‌ಲೈಟಿನ ಹಿಂದೆ ಬಾಡಿಗೆ ಬಿಗಿದಿರುವ ಅರ್ಥ್ ಬೋಲ್ಟನ್ನು ಬಿಚ್ಚಿ, ಅದರ ಕೆಳಗಿನ ಪೇಂಟನ್ನೂ ತುಕ್ಕನ್ನೂ ಲೋಹ ಹೊಳೆಯುವ ತನಕ ಎಮರಿ ಪೇಪರಿನಿಂದ ಉಜ್ಜಬೇಕು. ತಂತಿಯ ತುದಿಯ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ತುದಿ) ಹಾಕಬೇಕು. ಬಿಗಿದ ಮೇಲೆ ಮೇಲ್ಭಾಗಕ್ಕೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿದರೆ ತೇವ ಒಳಗಿಳಿಯುವುದಿಲ್ಲ. ಬ್ಯಾಟರಿಯಿಂದ ಬಾಡಿಗೆ ಹೋಗುವ ದಪ್ಪ ಪಟ್ಟಿಯ ಎರಡೂ ತುದಿಗಳಿಗೆ ಇದೇ ಉಪಚಾರ ಆಗಬೇಕು.

ನಷ್ಟ ಪಾಸಿಟಿವ್ ಕಡೆಯದ್ದಾಗಿದ್ದರೆ ಕಾರಣ ಸಾಮಾನ್ಯವಾಗಿ ಸ್ವಿಚ್. ರಿಲೇ (ಅಲ್ಪ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಇಲ್ಲದ ಹಳೆಯ ವೈರಿಂಗಿನಲ್ಲಿ ಎರಡೂ ಬಲ್ಬಿನ ಕರೆಂಟ್, ಅಂದರೆ ಸುಮಾರು 9ರಿಂದ 11 ಆಂಪಿಯರ್, ಬ್ಯಾಟರಿಯಿಂದ ಹೊರಟು ಡ್ಯಾಶ್‌ಬೋರ್ಡಿನೊಳಗೆ ಬಂದು, ಸ್ಟೀರಿಂಗ್ ಪಕ್ಕದ ಸಣ್ಣ ಸ್ವಿಚ್ಚಿನ ಸವೆದ ಸಂಪರ್ಕಗಳನ್ನು ದಾಟಿ, ತೆಳು ತಂತಿಯಲ್ಲಿ ಮತ್ತೆ ಮುಂದಕ್ಕೆ ಹೋಗುತ್ತದೆ. ಇಷ್ಟು ದೂರದ ದಾರಿಯಲ್ಲಿ ಒಂದೂವರೆ ಎರಡು ವೋಲ್ಟ್ ಕಳೆಯುವುದು ಆಶ್ಚರ್ಯವೇನಲ್ಲ. ಇದಕ್ಕೆ ಪರಿಹಾರ ಎರಡು ರಿಲೇ. ಲೋ ಬೀಮಿಗೆ ಒಂದು, ಹೈ ಬೀಮಿಗೆ ಒಂದು. ರಿಲೇಯ 30ನೇ ಪಿನ್ನಿಗೆ ಬ್ಯಾಟರಿಯ ಪಾಸಿಟಿವ್‌ನಿಂದ 15 ಆಂಪಿಯರ್ ಫ್ಯೂಸಿನ ಮೂಲಕ ನೇರ ಸಪ್ಲೈ, 87ರಿಂದ ಬಲ್ಬುಗಳಿಗೆ 2.5 ಚದರ ಮಿಲಿಮೀಟರಿನ ಹೊಸ ತಂತಿ, 85 ಅರ್ಥಿಗೆ, 86ಕ್ಕೆ ಮೊದಲು ಬಲ್ಬಿಗೆ ಹೋಗುತ್ತಿದ್ದ ಹಳೆಯ ತಂತಿ. ಹೀಗೆ ಮಾಡಿದಾಗ ಹಳೆಯ ಸ್ವಿಚ್ ರಿಲೇಯನ್ನು ಎಳೆಯುವಷ್ಟು ಅಲ್ಪ ಕರೆಂಟನ್ನಷ್ಟೇ ಹೊರುತ್ತದೆ. ಫ್ಯೂಸ್ ಬ್ಯಾಟರಿಗೆ ಒಂದು ಗೇಣಿನೊಳಗೇ ಇರಬೇಕು, ಏಕೆಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವೆ ತಂತಿ ಎಲ್ಲಾದರೂ ಬಾಡಿಗೆ ಉಜ್ಜಿದರೆ ಬೆಂಕಿಯನ್ನು ತಡೆಯುವುದು ಯಾವುದೂ ಇರುವುದಿಲ್ಲ. ರಿಲೇಯ ಪಿನ್ನುಗಳು ಕೆಳಮುಖವಾಗಿರುವಂತೆ ಬಿಗಿದರೆ ಮಳೆನೀರು ನಿಲ್ಲುವುದಿಲ್ಲ. ತಂತಿಗಳನ್ನು ಹೆಣೆದು ಟೇಪ್ ಸುತ್ತುವ ಕೆಲಸವನ್ನು ಒಪ್ಪಿಕೊಳ್ಳಬೇಡಿ. ಬೆಸುಗೆಯೋ ಸರಿಯಾದ ಕ್ರಿಂಪೋ (ಲೋಹದ ತುಣುಕನ್ನು ಒತ್ತಿ ಕೂಡಿಸಿದ ಜೋಡಣೆ) ಆಗಿ ಮೇಲೆ ಸ್ಲೀವ್ ಇರಲಿ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಜಪಾನಿ ಮೂಲದ ಕೆಲವು ವಿನ್ಯಾಸಗಳಲ್ಲಿ ಬಲ್ಬಿಗೆ ಪಾಸಿಟಿವ್ ಸದಾ ಬಂದಿರುತ್ತದೆ, ಸ್ವಿಚ್ ಅರ್ಥ್ ಕಡೆಯಲ್ಲಿರುತ್ತದೆ. ಅಂತಹ ಕಾರಿಗೆ ಅಂಗಡಿಯ ಸಿದ್ಧ ರಿಲೇ ಕಿಟ್ ನೇರವಾಗಿ ಹೊಂದುವುದಿಲ್ಲ, ಆದ್ದರಿಂದ ಮೂರು ಪಿನ್ನುಗಳಲ್ಲಿ ಯಾವುದು ಏನು ಎಂದು ಮೀಟರಿನಲ್ಲಿ ಖಚಿತಪಡಿಸಿಕೊಂಡೇ ಕೈಹಾಕಬೇಕು. ಇನ್ನು ಕಾರ್ಖಾನೆಯಲ್ಲೇ ಹೆಡ್‌ಲೈಟ್ ರಿಲೇ ಇರುವ ಕಾರಿಗೆ ಇದಾವುದೂ ಬೇಕಿಲ್ಲ. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಗಿನ ಚಿತ್ರ ನೋಡಿದರೆ ಅದು ಸಾಮಾನ್ಯವಾಗಿ ಗೊತ್ತಾಗುತ್ತದೆ.

ಬಲ್ಬ್

ಒಳ್ಳೆಯ ಎಚ್4 ಬಲ್ಬ್ 13.2 ವೋಲ್ಟಿನಲ್ಲಿ ಹೈ ಬೀಮಿಗೆ ಸುಮಾರು 1650 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ), ಲೋ ಬೀಮಿಗೆ ಸುಮಾರು 1000 ಲ್ಯೂಮೆನ್ ಕೊಡಬೇಕು. ವರ್ಷಗಟ್ಟಲೆ ಉರಿದ ಬಲ್ಬಿನ ಗಾಜಿನ ಒಳಭಾಗದಲ್ಲಿ ಟಂಗ್‌ಸ್ಟನ್ ಕೂತು ಬೂದು ಛಾಯೆ ಬಂದಿದ್ದರೆ ಅದನ್ನು ಬದಲಿಸಬೇಕು. ಬದಲಿಸುವಾಗ ಎರಡೂ ಕಡೆಯದನ್ನು ಒಟ್ಟಿಗೇ ಬದಲಿಸುವುದು ಸರಿ. ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು; ಬೆರಳಿನ ಎಣ್ಣೆಯಂಶ ಬಿಸಿಗೆ ಸುಟ್ಟು ಗಾಜು ಆ ಜಾಗದಲ್ಲಿ ದುರ್ಬಲವಾಗುತ್ತದೆ. ತಳದ ಮೂರು ಕಿವಿಗಳು ಹೆಡ್‌ಲೈಟಿನ ಕಚ್ಚುಗಳಲ್ಲಿ ಸಮನಾಗಿ ಕೂತಿವೆಯೇ, ಕ್ಲಿಪ್ ಸ್ವಸ್ಥಾನಕ್ಕೆ ಬಿದ್ದಿದೆಯೇ ಎಂದು ನೋಡಿಕೊಳ್ಳಬೇಕು, ಏಕೆಂದರೆ ಬಲ್ಬ್ ಒಂದಿಷ್ಟು ಓರೆಯಾಗಿ ಕೂತರೂ ಬೆಳಕಿನ ಆಕಾರ ಕೆಡುತ್ತದೆ.

ನೀಲಿ ಬಲ್ಬಿನ ಬಗ್ಗೆ ಹೇಳುವುದಾದರೆ, ಆ ಬಣ್ಣ ಒಂದು ಸೋಸುವ ಲೇಪ. ಹೊರಗೆ ಬರಬೇಕಾದ ಬೆಳಕಿನ ಒಂದು ಪಾಲನ್ನು ಅದೇ ನುಂಗಿಕೊಳ್ಳುತ್ತದೆ. 100/90 ವ್ಯಾಟ್ ಬಲ್ಬ್ ಮೂಲ ತಂತಿ, ಹೋಲ್ಡರ್, ರಿಫ್ಲೆಕ್ಟರ್ (ಬೆಳಕನ್ನು ಮುಂದಕ್ಕೆ ಎಸೆಯುವ ಒಳಗಿನ ಹೊಳೆಯುವ ಬಟ್ಟಲು) ಮೂರಕ್ಕೂ ಅತಿಯಾದ ಬಿಸಿ. ಪಿಂಗಾಣಿ ಹೋಲ್ಡರ್ ಹಾಕಿದರೆ ಹೋಲ್ಡರ್ ಉಳಿಯುತ್ತದೆ, ರಿಫ್ಲೆಕ್ಟರ್ ಉಳಿಯುವುದಿಲ್ಲ. ಎಲ್‌ಇಡಿಯ ವಿಷಯ ಸ್ವಲ್ಪ ಬೇರೆ. ಹಳೆಯ ರಿಫ್ಲೆಕ್ಟರನ್ನು ಒಂದು ಸಣ್ಣ ತಂತಿಸುರುಳಿ ಒಂದು ನಿರ್ದಿಷ್ಟ ಬಿಂದುವಿನಲ್ಲಿ ಉರಿಯುತ್ತದೆ ಎಂದು ಎಣಿಸಿ ರೂಪಿಸಿರುತ್ತಾರೆ. ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಹೊರಡುವುದು ಒಂದು ಚಪ್ಪಟೆ ಪಟ್ಟಿಯ ಎರಡು ಮುಖಗಳಿಂದ. ಇದರಿಂದ ಕಾರಿನ ಮುಂದಿನ ಹತ್ತಾರು ಅಡಿ ಬೆಳ್ಳಗೆ ಹೊಳೆದು ನಮ್ಮ ಕಣ್ಣಿಗೆ ತೃಪ್ತಿಯಾದರೂ ದೂರದ ಬೆಳಕು ಸಡಿಲವಾಗಿ ಎದುರಿನವರ ಕಣ್ಣಿಗೆ ಚೆಲ್ಲುತ್ತದೆ. ಮುಂದಿನ ದೀಪದ ಬೆಳಕು ಎದುರಿನವರ ಕಣ್ಣು ಕೋರೈಸದಂತೆ ಕೆಳಮುಖವಾಗಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಹೇಳುತ್ತವೆ. ಹೆಡ್‌ಲೈಟ್ ಘಟಕವೇ ಎಲ್‌ಇಡಿಗೆಂದು ತಯಾರಾಗಿರದಿದ್ದರೆ ನಾನು ಅದನ್ನು ಸೂಚಿಸುವುದಿಲ್ಲ.

ಲೆನ್ಸ್ ಉಜ್ಜುವುದು

ಪ್ಲಾಸ್ಟಿಕ್ ಲೆನ್ಸ್ ಪಾಲಿಕಾರ್ಬನೇಟಿನದ್ದು. ಕಲ್ಲೇಟಿಗೆ ಒಡೆಯದ ಈ ವಸ್ತುವಿಗೆ ಬಿಸಿಲನ್ನು ತಾಳುವ ಶಕ್ತಿ ಕಡಿಮೆಯಾದ್ದರಿಂದ ಕಾರ್ಖಾನೆಯಲ್ಲಿ ಅದರ ಮೇಲೆ ತೆಳುವಾದ ಗಟ್ಟಿ ರಕ್ಷಣಾ ಲೇಪ ಹಾಕಿರುತ್ತಾರೆ. ಅತಿನೇರಳೆ ಕಿರಣಕ್ಕೆ ಆ ಲೇಪ ವರ್ಷಗಳ ನಂತರ ಬಿರಿದು ಎದ್ದು, ಕೆಳಗಿನ ಪ್ಲಾಸ್ಟಿಕ್ ಹಳದಿಯಾಗುತ್ತದೆ. ಸದಾ ಬಯಲಿನಲ್ಲಿ ನಿಲ್ಲುವ ಕಾರುಗಳಲ್ಲಿ ಬಿಸಿಲಿನ ಕಡೆಯ ಲೆನ್ಸ್ ಇನ್ನೊಂದಕ್ಕಿಂತ ಬೇಗ ಕೆಡುವುದು ಇದೇ ಕಾರಣಕ್ಕೆ.

ಕೆಲಸ ಆರಂಭಿಸುವ ಮೊದಲು ಲೆನ್ಸಿನ ಮೇಲೆ ಒಂದು ಚೊಂಬು ನೀರು ಸುರಿದು ನೋಡಿ. ಒದ್ದೆಯಿದ್ದಷ್ಟು ಹೊತ್ತು ಲೆನ್ಸ್ ತಿಳಿಯಾಗಿ ಕಂಡರೆ ಹಾನಿ ಹೊರಮೈಯಲ್ಲಿದೆ, ಉಜ್ಜಿದರೆ ಫಲ ಸಿಗುತ್ತದೆ. ನೀರು ಬಿದ್ದರೂ ಮಬ್ಬು ಹಾಗೆಯೇ ಉಳಿದರೆ ದೋಷ ಒಳಭಾಗದಲ್ಲಿದೆ ಅಥವಾ ಪ್ಲಾಸ್ಟಿಕ್ಕಿನ ಆಳದಲ್ಲಿ ಬಿರುಕು ಬಿಟ್ಟಿದೆ. ಹೊರಗಿನಿಂದ ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ.

ಹಲ್ಲಿನ ಪೇಸ್ಟಿನಿಂದ ತಿಕ್ಕುವ ಉಪಾಯ ಎಲ್ಲರಿಗೂ ಗೊತ್ತಿದೆ. ಅದರಿಂದ ಮೇಲ್ಪದರ ಕೊಂಚ ಹೊಳೆಯುತ್ತದೆ, ಆದರೆ ಕೆಟ್ಟ ಲೇಪ ಅಲ್ಲೇ ಉಳಿಯುವುದರಿಂದ ಕೆಲವೇ ವಾರಗಳಲ್ಲಿ ಮೊದಲಿನಂತಾಗುತ್ತದೆ. ಸೊಳ್ಳೆ ನಿವಾರಕ ದ್ರವ ಸವರುವ ವಿಡಿಯೊಗಳು ಇನ್ನೂ ಅಪಾಯಕಾರಿ. ಅಂತಹ ದ್ರವಗಳಲ್ಲಿರುವ ಡೀಟ್ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸಿ ತಾತ್ಕಾಲಿಕ ಹೊಳಪು ಕೊಡುತ್ತದೆ. ಥಿನ್ನರ್, ಅಸಿಟೋನ್, ಪೆಟ್ರೋಲ್ ಯಾವುದೂ ಪಾಲಿಕಾರ್ಬನೇಟಿಗೆ ತಾಗಬಾರದು. ಕೂದಲೆಳೆಯಂತಹ ಬಿರುಕುಗಳು ಬಂದರೆ ಲೆನ್ಸ್ ಮುಗಿದಂತೆ.

ಸರಿಯಾದ ಕ್ರಮ ಇದು. ಲೆನ್ಸನ್ನು ಶಾಂಪೂ ನೀರಿನಲ್ಲಿ ತೊಳೆದು, ಸುತ್ತಲಿನ ಪೇಂಟಿಗೆ ಎರಡು ಸುತ್ತು ಮಾಸ್ಕಿಂಗ್ ಟೇಪ್ ಹಚ್ಚಿ, 800ರ ವಾಟರ್ ಪೇಪರನ್ನು (ಒದ್ದೆ ಮಾಡಿ ಉಜ್ಜುವ ಮರಳು ಕಾಗದ; ಅಂಕೆ ಹೆಚ್ಚಾದಷ್ಟೂ ನುಣುಪು) ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿಟ್ಟು, ಅಡ್ಡ ದಿಕ್ಕಿನಲ್ಲಿ ಒಂದೇ ಸಮ ಒತ್ತಡದಿಂದ ಉಜ್ಜಬೇಕು. ಮೊದಲು ಹಳದಿ ಬಣ್ಣದ ರಾಡಿ ಇಳಿಯುತ್ತದೆ; ಅದು ಸತ್ತ ಲೇಪ. ಉಜ್ಜುತ್ತ ಹೋದಂತೆ ರಾಡಿ ಹಾಲಿನಂತೆ ಬೆಳ್ಳಗಾಗುತ್ತದೆ, ಪೇಪರ್ ಜಾರುವುದೂ ನುಣುಪಾಗುತ್ತದೆ. ಆಗ ತೊಳೆದು, ಒಣಗಿಸಿ ನೋಡಬೇಕು. ಲೆನ್ಸ್ ಇಡೀ ಒಂದೇ ಸಮನಾದ ಬಿಳಿ ಮಬ್ಬಾಗಿ ಕಾಣಬೇಕು. ನಡುನಡುವೆ ಮಿನುಗುವ ದ್ವೀಪಗಳಿದ್ದರೆ ಅಲ್ಲಿ ಹಳೆಯ ಲೇಪ ಇನ್ನೂ ಅಂಟಿಕೊಂಡಿದೆ ಎಂದರ್ಥ. ಲೆನ್ಸ್ ಮೊದಲಿಗಿಂತ ಕೆಟ್ಟದಾಗಿ ಕಾಣುವ ಈ ಹಂತದಲ್ಲಿ ಗಾಬರಿಯಾಗಿ ಅರ್ಧಕ್ಕೆ ನಿಲ್ಲಿಸಬಾರದು. ಮುಂದೆ 1000, 1500 ಎಂದು ಹೋಗುವಾಗ ಪ್ರತಿ ಸಲ ಉಜ್ಜುವ ದಿಕ್ಕನ್ನು ಬದಲಿಸಿದರೆ ಹಿಂದಿನ ಪೇಪರಿನ ಗೆರೆಗಳು ಹೋಗಿವೆಯೇ ಎಂದು ಸುಲಭವಾಗಿ ತಿಳಿಯುತ್ತದೆ. ಪೇಪರ್ ಬದಲಿಸಿದಾಗಲೆಲ್ಲ ಬಕೆಟಿನ ನೀರನ್ನೂ ಬದಲಿಸಬೇಕು. ಒರಟು ಪೇಪರಿನ ಒಂದೇ ಒಂದು ಕಾಳು ಉಳಿದಿದ್ದರೂ ನುಣುಪಾದ ಮೈಯಲ್ಲಿ ಗೀರು ಬೀಳುತ್ತದೆ.

1500ರ ನಂತರ ದಾರಿ ಎರಡಾಗುತ್ತದೆ. ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಲೇಪ, ಹೊಡೆಯುವವರು ಇಲ್ಲಿಗೇ ನಿಲ್ಲಿಸಬೇಕು, ಏಕೆಂದರೆ ಪಾಲಿಶ್ ಮಾಡಿದ ಮೈಗೆ ಲೇಪ ಹಿಡಿಯುವುದಿಲ್ಲ; ಈ ಸಣ್ಣ ಗೆರೆಗಳನ್ನು ಕ್ಲಿಯರ್ ಕೋಟೇ ತುಂಬಿಕೊಂಡು ಪಾರದರ್ಶಕವಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಅತಿನೇರಳೆ ಕಿರಣ ತಡೆಯುವ ಎರಡು ಘಟಕಗಳ ಕ್ಲಿಯರ್ ಕೋಟನ್ನು ಮೊದಲು ಮಂಜಿನಷ್ಟು ತೆಳುವಾಗಿ, ಹತ್ತು ನಿಮಿಷ ಬಿಟ್ಟು ಎರಡು ಬಾರಿ ಪೂರ್ಣವಾಗಿ ಹೊಡೆಯಬೇಕು. ಮಳೆಗಾಲದ ತೇವದಲ್ಲಿ ಈ ಕೆಲಸ ಬೇಡ, ಲೇಪ ಬಿಳಿಚಿಕೊಳ್ಳುತ್ತದೆ. ಇದರ ಗಟ್ಟಿಕಾರಕದಲ್ಲಿ ಉಸಿರಿಗೆ ಹಾನಿಕರವಾದ ಐಸೊಸಯನೇಟ್ ಇರುವುದರಿಂದ ಬಟ್ಟೆಯ ಮಾಸ್ಕ್ ಸಾಲದು. ರಾಸಾಯನಿಕ ಆವಿ ತಡೆಯುವ ಮಾಸ್ಕ್, ಕೈಗವಸು ಮತ್ತು ತೆರೆದ ಜಾಗ ಬೇಕು. ಇಷ್ಟು ವ್ಯವಸ್ಥೆಯಿಲ್ಲದವರು ಇದನ್ನು ಪೇಂಟಿಂಗ್ ಶಾಪಿಗೆ ಕೊಡುವುದೇ ವಾಸಿ. ಕ್ಲಿಯರ್ ಕೋಟ್ ಬೇಡವೆನ್ನುವವರು 2000, 3000ರ ವರೆಗೆ ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಹಾಕಿ ಫೋಮ್ ಪ್ಯಾಡಿನಿಂದ ಹೊಳಪು ತಂದು, ಯುವಿ ಸೀಲಂಟ್ (ಅತಿನೇರಳೆ ಕಿರಣ ತಡೆಯುವ ತೆಳು ಲೇಪ) ಸವರಬಹುದು. ಅದು ತಿಂಗಳುಗಳ ಲೆಕ್ಕದಲ್ಲಿ ಮಾತ್ರ ಬಾಳುವುದರಿಂದ ಆಗಾಗ ಹಚ್ಚುತ್ತಿರಬೇಕು. ಡ್ರಿಲ್ಲಿಗೆ ಪ್ಯಾಡ್ ಸಿಕ್ಕಿಸುವವರು ವೇಗ ಕಡಿಮೆ ಇಟ್ಟು ಪ್ಯಾಡನ್ನು ಸದಾ ಆಡಿಸುತ್ತಿರಬೇಕು. ಯಾವ ದಾರಿ ಹಿಡಿದರೂ ಉಜ್ಜಿದ ಲೆನ್ಸನ್ನು ಲೇಪವಿಲ್ಲದೆ ಬಿಟ್ಟರೆ ಅದು ಮೊದಲಿಗಿಂತಲೂ ಬೇಗ ಹಳದಿಯಾಗುತ್ತದೆ.

ಒಳಗಿನ ದೋಷ

ಲೆನ್ಸ್ ತಿಳಿಯಾದ ಮೇಲೆ ಟಾರ್ಚ್ ಬಿಟ್ಟು ರಿಫ್ಲೆಕ್ಟರ್ ನೋಡಿ. ಅದರ ಹೊಳಪು ಅತ್ಯಂತ ತೆಳುವಾದ ಅಲ್ಯೂಮಿನಿಯಂ ಪದರದ್ದು. ಬಟ್ಟೆಯಿಂದ ಒರೆಸಿದರೆ ಎದ್ದು ಬರುತ್ತದೆ, ಆದ್ದರಿಂದ ಧೂಳಿದ್ದರೆ ಗಾಳಿ ಊದಿ ತೆಗೆಯುವುದಷ್ಟೇ ಸಾಧ್ಯ. ಪದರ ಕಪ್ಪಾಗಿದ್ದರೆ ಅಥವಾ ಸುಲಿದಿದ್ದರೆ ದುರಸ್ತಿಯ ಮಾತಿಲ್ಲ, ಘಟಕವನ್ನೇ ಬದಲಿಸಬೇಕು. ಒಳಗೆ ನೀರಿನ ಹನಿಗಳಿದ್ದರೆ ಮೊದಲು ಬಲ್ಬಿನ ಹಿಂದಿನ ರಬ್ಬರ್ ಕವರ್ ಇದೆಯೇ ನೋಡಿ. ಬಲ್ಬ್ ಬದಲಿಸಿದ ಯಾರೋ ಅದನ್ನು ಮತ್ತೆ ಹಾಕದೆ ಬಿಟ್ಟಿರುವುದು ಬಹಳ ಸಾಮಾನ್ಯ.

ಬದಲಿ ಘಟಕವನ್ನು, ವಿಶೇಷವಾಗಿ ಹೊರದೇಶದಿಂದ ಬಂದ ಸೆಕೆಂಡ್ ಹ್ಯಾಂಡ್ ಘಟಕವನ್ನು ಕೊಳ್ಳುವಾಗ ಅದು ರಸ್ತೆಯ ಎಡಬದಿಯಲ್ಲಿ ಓಡುವ ವಾಹನಗಳಿಗೆ ಮಾಡಿದ್ದೇ ಎಂದು ಖಚಿತಪಡಿಸಿಕೊಳ್ಳಿ. ಯುರೋಪಿನ ಪದ್ಧತಿಯ ಗುರುತುಗಳಿರುವ ಲೆನ್ಸಿನಲ್ಲಿ, ಎದುರಿಗೆ ನಿಂತು ನೋಡುವವರ ಬಲಕ್ಕೆ ತೋರಿಸುವ ಬಾಣವಿದ್ದರೆ ಅದು ಎಡಬದಿಯ ಸಂಚಾರದ್ದು.

ಬೆಳಕನ್ನು ರಸ್ತೆಗೆ ಹೊಂದಿಸುವುದು

ಮೇಲಿನ ಎಲ್ಲ ಕೆಲಸ ಮುಗಿದ ನಂತರವೇ ಇದು. ಟೈರುಗಳಿಗೆ ಸರಿಯಾದ ಗಾಳಿ ತುಂಬಿಸಿ, ಚಾಲಕನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಒಳಗೆ ಲೆವೆಲಿಂಗ್ ಗುಂಡಿ (ಹೆಡ್‌ಲೈಟಿನ ಬೆಳಕನ್ನು ಏರಿಸಿ ಇಳಿಸುವ ಗುಂಡಿ) ಇದ್ದರೆ ಸೊನ್ನೆಗೆ ಇಟ್ಟು, ಸಮತಟ್ಟಾದ ನೆಲದಲ್ಲಿ ಕಾರನ್ನು ಗೋಡೆಗೆ ತಾಗುವಷ್ಟು ಹತ್ತಿರ ನಿಲ್ಲಿಸಿ. ಪ್ರತಿ ಹೆಡ್‌ಲೈಟಿನ ಬಲ್ಬಿನ ಕೇಂದ್ರಕ್ಕೆ ನೇರವಾಗಿ ಗೋಡೆಯ ಮೇಲೆ ಟೇಪಿನಿಂದ ಕೂಡಿಸುವ ಚಿಹ್ನೆಯಂತೆ ಗುರುತು ಹಾಕಿ. ಅನಂತರ ಕಾರನ್ನು ನೇರವಾಗಿ 10 ಮೀಟರ್ ಹಿಂದಕ್ಕೆ ತಂದು, ಮೊದಲ ಗುರುತಿಗಿಂತ 10 ಸೆಂಟಿಮೀಟರ್ ಕೆಳಗೆ ಅಡ್ಡಲಾಗಿ ಇನ್ನೊಂದು ಟೇಪ್ ಎಳೆಯಿರಿ. ಇದು ಶೇ. 1ರ ಇಳಿಜಾರು. ನಿಮ್ಮ ಕಾರಿನ ಹೆಡ್‌ಲೈಟಿನ ಮೇಲೋ ಕೈಪಿಡಿಯಲ್ಲೋ ಬೇರೆ ಅಂಕೆಯಿದ್ದರೆ ಅದನ್ನೇ ಪಾಲಿಸಿ.

ಲೋ ಬೀಮ್ ಹಾಕಿದಾಗ ಗೋಡೆಯ ಮೇಲೆ ಬೆಳಕು ಮತ್ತು ಕತ್ತಲಿನ ನಡುವೆ ಸ್ಪಷ್ಟ ಅಂಚು ಕಾಣುತ್ತದೆ. ಆ ಅಂಚಿನ ಬಲಭಾಗ ಕೆಳಗಿನ ಟೇಪಿನ ಮೇಲೆ ಚಪ್ಪಟೆಯಾಗಿ ಮಲಗಿರಬೇಕು, ಎಡಭಾಗ ಮೇಲಕ್ಕೆ ಏರಬೇಕು, ಏರಿಕೆ ಆರಂಭವಾಗುವ ಮೂಲೆ ಆಯಾ ಹೆಡ್‌ಲೈಟಿನ ಗುರುತಿಗೆ ನೇರ ಕೆಳಗಿರಬೇಕು. ಒಂದನ್ನು ಹೊಂದಿಸುವಾಗ ಇನ್ನೊಂದರ ಮುಂದೆ ರಟ್ಟಿನ ಹಲಗೆಯನ್ನು ಸ್ವಲ್ಪ ದೂರದಲ್ಲಿ ಹಿಡಿಯಿರಿ. ಉರಿಯುವ ಹೆಡ್‌ಲೈಟಿಗೆ ಬಟ್ಟೆ ಹೊದಿಸಿದರೆ ಈಗಷ್ಟೇ ಹಚ್ಚಿದ ಲೇಪ ಬಿಸಿಗೆ ಹಾಳಾಗುತ್ತದೆ. ಹಿಂಬದಿಯ ಒಂದು ಸ್ಕ್ರೂ ಮೇಲೆ ಕೆಳಗೆ, ಇನ್ನೊಂದು ಎಡಬಲಕ್ಕೆ ಆಡಿಸುತ್ತದೆ. ಎಚ್4ರಲ್ಲಿ ಎರಡೂ ಬೀಮಿಗೆ ಒಂದೇ ರಿಫ್ಲೆಕ್ಟರ್ ಆದ್ದರಿಂದ ಲೋ ಬೀಮ್ ಸರಿಯಾದರೆ ಹೈ ಬೀಮ್ ತಾನಾಗಿ ಸರಿಹೋಗುತ್ತದೆ.

ಈ ಸೆಂಟಿಮೀಟರುಗಳ ಬೆಲೆ ರಸ್ತೆಯಲ್ಲಿ ಎಷ್ಟೆಂದರೆ, ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿರುವ ಹೆಡ್‌ಲೈಟ್ ಶೇ. 1ರ ಇಳಿಜಾರಿನಲ್ಲಿದ್ದರೆ ಬೆಳಕಿನ ಅಂಚು 65 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ, ಶೇ. 2ಕ್ಕೆ ಇಳಿದರೆ 32 ಮೀಟರಿಗೇ ಮುಗಿಯುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಆ 32 ಮೀಟರ್ ದಾಟಲು ಎರಡು ಸೆಕೆಂಡ್ ಕೂಡ ಬೇಡ. ಸ್ಪ್ರಿಂಗ್ ಕುಗ್ಗಿದ ಹಳೆಯ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಮೂವರು ಕೂತು ಡಿಕ್ಕಿ ತುಂಬಿದಾಗ ಮೂತಿ ಎದ್ದು ಇದೇ ಅಂಚು ಎದುರಿನವರ ಕಣ್ಣಿಗೆ ಏರುತ್ತದೆ. ಲೆವೆಲಿಂಗ್ ಗುಂಡಿ ಇರುವವರು ಹೊರಡುವ ಮೊದಲು ಅದನ್ನು ಒಂದೆರಡು ಹಂತ ತಿರುಗಿಸಿಕೊಳ್ಳಬೇಕು. ಅದಿಲ್ಲದ ಕಾರಿನಲ್ಲಿ ಕುಟುಂಬದವರೆಲ್ಲ ಸೇರಿ ರಾತ್ರಿ ಪ್ರಯಾಣ ಮಾಡುವುದೇ ಹೆಚ್ಚೆಂದಾದರೆ, ಅಷ್ಟೇ ಭಾರ ಹೇರಿ ಗೋಡೆಯ ಮುಂದೆ ಹೊಂದಿಸಿಕೊಳ್ಳುವುದು ಸೂಕ್ತ. ಮೊದಲ ರಾತ್ರಿ ಪರಿಚಿತ ರಸ್ತೆಯಲ್ಲಿ ಲೋ ಬೀಮಿನಲ್ಲೇ ಓಡಿಸಿ ನೋಡಿ. ಎದುರಿನವರು ಮೇಲಿಂದ ಮೇಲೆ ಲೈಟ್ ಮಿಟುಕಿಸಿದರೆ ಎರಡೂ ಕಡೆಯ ಎತ್ತರದ ಸ್ಕ್ರೂಗಳನ್ನು ಸಮನಾಗಿ ಕಾಲು ಸುತ್ತು ತಿರುಗಿಸಿ ಅಂಚನ್ನು ಇಳಿಸಿ, ಮತ್ತೆ ಗೋಡೆಯ ಮುಂದೆ ನಿಲ್ಲಿಸಿ ಪರೀಕ್ಷಿಸಿ.